ಹಿಂದಕ್ಕೆ ಎಣಿಸುವ ಗಡಿಯಾರ



ರೇಡಿಯೋದಲ್ಲಿ ನನ್ನ ದನಿ ಮಾತ್ರ ಕೇಳುವ ನಿಮಗೆ ಕಾಣದ ವಸ್ತುವೊಂದು ನಮ್ಮ ಸ್ಟುಡಿಯೋದಲ್ಲಿದೆ. ಮೈಕಿನ ಎದುರಿಗೇ, ಗೋಡೆಯ ಮೇಲೆ, ದೊಡ್ಡ ಅಂಕಿಗಳ ಒಂದು ಗಡಿಯಾರ. ನೀವು ಗಡಿಯಾರ ನೋಡಿದರೆ "ಎಷ್ಟು ಗಂಟೆಯಾಯಿತು?" ಅನ್ನುತ್ತೀರಿ. ಉದ್ಘೋಷಕರಾದ ನಾವು ನೋಡಿದರೆ "ಇನ್ನೆಷ್ಟು ಉಳಿದಿದೆ?" ಅನ್ನುತ್ತೇವೆ. ಅರ್ಧ ಗಂಟೆಯ ಕನ್ನಡ ಕಾರ್ಯಕ್ರಮ ಮುಗಿಯಲು ನಾಲ್ಕು ನಿಮಿಷ, ಹಾಡು ಮೂರೂವರೆ ನಿಮಿಷ, ವಿದಾಯ ಹೇಳಲು ಮೂವತ್ತು ಸೆಕೆಂಡು. ಹೀಗೆ ಕೊನೆಯಿಂದ ಹಿಂದಕ್ಕೆ ಎಣಿಸಿಕೊಂಡು ಬರುವುದೇ ನಮ್ಮ ದಿನಚರಿ. ಈ ಗಡಿಯಾರದ ಮಾತು ಇಲ್ಲೇ ಇರಲಿ, ಆಮೇಲೆ ಮತ್ತೆ ಬರುತ್ತೇನೆ.

ಹೋದ ತಿಂಗಳು ಪುಣೆಯ ಕೇಳುಗರೊಬ್ಬರು ಒಂದು ಪತ್ರ ಬರೆದಿದ್ದರು. ಅವರ ಬಡಾವಣೆಯಲ್ಲಿ ಒಂದು ಕನ್ನಡ ಸಂಘವಿದೆ. ಸದಸ್ಯರ ಕೊರತೆಯಿಲ್ಲ, ಬ್ಯಾಂಕಿನಲ್ಲಿ ಒಂದಿಷ್ಟು ಹಣವೂ ಇದೆ. ಹಿಂದೆ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಓದು-ಬರಹದ ತರಗತಿ ನಡೆಯುತ್ತಿತ್ತು, ಮೂವತ್ತು ಮಕ್ಕಳು ಬರುತ್ತಿದ್ದರು. ಈಗ ಬರುವವರು ಐದೇ ಮಕ್ಕಳು. ಒಂದು ವರ್ಷದ ಕಮಿಟಿ ಸ್ವಂತ ಕಟ್ಟಡ ಅಂದಿತು, ಮರುವರ್ಷದ್ದು ನಾಟಕ ಅಂದಿತು, ಅದರ ಮುಂದಿನದು ರಾಜ್ಯೋತ್ಸವಕ್ಕೆ ಸಿನಿಮಾ ನಟರನ್ನು ಕರೆಸೋಣ ಅಂದಿತು. "ಜನ ಒಳ್ಳೆಯವರೇ, ದುಡ್ಡೂ ಇದೆ, ಮನಸ್ಸೂ ಇದೆ. ಆದರೂ ಕೆಲಸ ಯಾಕೆ ಆಗುವುದಿಲ್ಲ? ಈ ವರ್ಷ ತರಗತಿ ನಿಂತರೆ ಮತ್ತೆ ಶುರುವಾಗುವುದಿಲ್ಲ" ಎಂದು ಅವರು ಬರೆದಿದ್ದರು.

ಪತ್ರ ಓದಿ ಎರಡು ದಿನ ಯೋಚಿಸಿದೆ. ನಾನು ಓದಿದ್ದು ಕನ್ನಡ ಬಿ.ಎ., ಮ್ಯಾನೇಜ್‌ಮೆಂಟ್ ಅಲ್ಲ. ಆದರೆ ಈ ಪ್ರಶ್ನೆಗೆ ಒಳ್ಳೆಯ ಉತ್ತರ ನಮ್ಮಲ್ಲಿ ಅನೇಕರು ಊರಿಗೆ ಹೋಗುವ ದಾರಿಯಲ್ಲೇ ಇದೆ ಅನ್ನಿಸಿತು. ಮುಂಬೈ, ಪುಣೆಯ ಕಡೆಯಿಂದ ಕಾರವಾರ, ಕುಂದಾಪುರ, ಉಡುಪಿ, ಮಂಗಳೂರಿಗೆ ಹೋಗುವವರು ಕುಳಿತುಕೊಳ್ಳುವ ಆ ರೈಲಿನ ಹಳಿ, ಅಂದರೆ ಕೊಂಕಣ ರೈಲ್ವೆ!

ಹಳಿ ಬರುವ ಮುನ್ನ

ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದ, ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಹಿರಿಯರನ್ನು ಕೇಳಿ ನೋಡಿ. ಊರಿಗೆ ಹೋಗುವುದೆಂದರೆ ಘಟ್ಟದ ರಸ್ತೆಯಲ್ಲಿ ಇಡೀ ದಿನ ಬಸ್ಸಿನಲ್ಲಿ ಕುಲುಕಾಟ. ರೈಲಿನಲ್ಲೇ ಹೋಗುತ್ತೇನೆ ಅಂದರೆ ದೇಶದ ಅರ್ಧ ಸುತ್ತಿ, ಪೂರ್ವಕ್ಕೆ ಹೋಗಿ, ಕೇರಳದ ಕಡೆಯಿಂದ ಮತ್ತೆ ಪಶ್ಚಿಮಕ್ಕೆ ಬರಬೇಕಿತ್ತು. ಕರಾವಳಿಯ ಉದ್ದಕ್ಕೂ ಒಂದು ನೇರ ಹಳಿಯಿದ್ದರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಯಾಕೆ ಹಾಕಲಿಲ್ಲ?

ಹಾಕುತ್ತಲೇ ಇದ್ದರು. ಆದರೆ ಹೇಗೆ? ಮುಂಬೈ ಕಡೆಯಿಂದ ಆಪ್ಟಾದವರೆಗೆ 1966ರಲ್ಲಿ ಬಂದ ಹಳಿ ಅಲ್ಲಿಂದ ರೋಹಾ ತಲುಪುವ ಹೊತ್ತಿಗೆ 1986 ಆಗಿತ್ತು. ಪಕ್ಕದ ಊರಿಗೆ ಬರಲು ಇಪ್ಪತ್ತು ವರ್ಷ! ಇದರಲ್ಲಿ ಎಂಜಿನಿಯರುಗಳ ಸೋಮಾರಿತನವೇನೂ ಇರಲಿಲ್ಲ. ರೈಲ್ವೆ ಇಲಾಖೆಯ ಬಜೆಟ್ಟಿನಲ್ಲಿ ದೇಶದ ನೂರೆಂಟು ಯೋಜನೆಗಳ ನಡುವೆ ಇದೂ ಒಂದಾಗಿತ್ತು. ವರ್ಷಕ್ಕಿಷ್ಟು ಎಂದು ಚಿಟಿಕೆ ಹಣ ಬರುತ್ತಿತ್ತು, ಅದು ಮುಗಿದೊಡನೆ ಕೆಲಸ ನಿಲ್ಲುತ್ತಿತ್ತು. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಕೊಟ್ಟಾಗ ಯಾವುದೂ ಮುಗಿಯುವುದಿಲ್ಲ. ಪುಣೆಯ ನಮ್ಮ ಕೇಳುಗರ ಸಂಘದ ಕಥೆ ಇಲ್ಲಿ ನಿಮಗೆ ನೆನಪಾಗಿರಬೇಕು.

1989ರ ಕೊನೆಯಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಂತು. ಮಂಗಳೂರಿನಲ್ಲಿ ಹುಟ್ಟಿ, ಮುಂಬೈಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾದರು. ಕೊಂಕಣದಿಂದ ಲೋಕಸಭೆಗೆ ಆರಿಸಿಬಂದಿದ್ದ ಮಧು ದಂಡವತೆ ಹಣಕಾಸು ಸಚಿವರಾದರು. ಈ ಯೋಜನೆಯನ್ನು ಇಲಾಖೆಯ ಸರದಿ ಸಾಲಿನಿಂದ ಹೊರಗೆ ತೆಗೆದು, ಅದಕ್ಕೆಂದೇ ಪ್ರತ್ಯೇಕ ನಿಗಮ ಮಾಡುವ ನಿರ್ಧಾರ ಆಗ ಆಯಿತು. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮ ನೋಂದಣಿಯಾಯಿತು. ಬಂಡವಾಳದಲ್ಲಿ ಕೇಂದ್ರದ ರೈಲ್ವೆಗೆ ಶೇಕಡಾ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6 ಪಾಲು. ಉಳಿದ ಹಣವನ್ನು ಬಾಂಡ್ ಮೂಲಕ ಜನರಿಂದ, ಸಂಸ್ಥೆಗಳಿಂದ ಸಾಲವಾಗಿ ಎತ್ತಬೇಕು.

ಈ ನಿಗಮದ ಮೊದಲ ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕರಾಗಿ ಬಂದವರು ಇ. ಶ್ರೀಧರನ್. ಕೇರಳದ ಪಾಲಕ್ಕಾಡ್ ಜಿಲ್ಲೆಯವರು, ರೈಲ್ವೆ ಮಂಡಳಿಯ ಎಂಜಿನಿಯರಿಂಗ್ ಸದಸ್ಯರಾಗಿ ಆಗಷ್ಟೇ ನಿವೃತ್ತರಾಗಿದ್ದವರು. ಚೆನ್ನೈ ಕಡೆಯ ಕೇಳುಗರಿಗೆ ಇನ್ನೊಂದು ನೆನಪು ಮಾಡಿಕೊಡುತ್ತೇನೆ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ರಾಮೇಶ್ವರದ ಪಾಂಬನ್ ಸೇತುವೆ ಮುರಿದುಬಿದ್ದಾಗ ಅದನ್ನು ಸರಿಪಡಿಸಲು ರೈಲ್ವೆ ಆರು ತಿಂಗಳ ಗಡುವು ಇಟ್ಟಿತ್ತು. ಮೇಲಧಿಕಾರಿಗಳು ಅದನ್ನು ಮೂರು ತಿಂಗಳಿಗೆ ಇಳಿಸಿದರು. ಆ ಕೆಲಸದ ಹೊಣೆ ಹೊತ್ತ ಯುವ ಎಂಜಿನಿಯರ್ ಇದೇ ಶ್ರೀಧರನ್. ಮುಗಿಸಿದ್ದು 46 ದಿನದಲ್ಲಿ!

ಒಂದೇ ವಾಕ್ಯದ ಗುರಿ

ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ 'ಸ್ಟ್ರಾಟೆಜಿ' ಎಂಬ ಮಾತು ಬಹಳ ದೊಡ್ಡದಾಗಿ ಕೇಳಿಸುತ್ತದೆ. ನನ್ನ ಮಟ್ಟಿಗೆ ಅದರ ಕನ್ನಡ ಸುಲಭ. ಎಲ್ಲಿಗೆ ಹೋಗುತ್ತಿದ್ದೇವೆ, ಅದಕ್ಕಾಗಿ ಏನನ್ನು ಬಿಡುತ್ತಿದ್ದೇವೆ. ಈ ಎರಡನ್ನೂ ಹೇಳದವರ ಬಳಿ ಇರುವುದು ಬರೀ ಆಸೆ.

ಕೊಂಕಣ ರೈಲ್ವೆಯ ಗುರಿ ಒಂದೇ ವಾಕ್ಯದಲ್ಲಿತ್ತು. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ 741 ಕಿಲೋಮೀಟರು, ಐದು ವರ್ಷದಲ್ಲಿ. ಕಚೇರಿಯ ಜವಾನನಿಂದ ಮುಖ್ಯ ಎಂಜಿನಿಯರ್‌ವರೆಗೆ ಯಾರನ್ನು ಕೇಳಿದರೂ ಇದೇ ಉತ್ತರ ಬರಬಹುದಾದಷ್ಟು ಸರಳ. ಆದರೆ ದಾರಿ ಸರಳವಿರಲಿಲ್ಲ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ, ನಡುವೆ ಎಣಿಸಲಾಗದಷ್ಟು ಹೊಳೆಗಳು. ತೊಂಬತ್ತಕ್ಕೂ ಹೆಚ್ಚು ಸುರಂಗ ಕೊರೆಯಬೇಕು, ಚಿಕ್ಕದು ದೊಡ್ಡದು ಸೇರಿ ಸುಮಾರು ಎರಡು ಸಾವಿರ ಸೇತುವೆ ಕಟ್ಟಬೇಕು. ರತ್ನಾಗಿರಿ ಬಳಿಯ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರು. ನಮ್ಮ ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ.

ಇಷ್ಟೆಲ್ಲವನ್ನು ನವಿ ಮುಂಬೈಯ ಬೇಲಾಪುರದ ಕಚೇರಿಯಲ್ಲಿ ಕುಳಿತು ಒಬ್ಬರೇ ನಿರ್ಧರಿಸಲು ಸಾಧ್ಯವೇ? ಇಲ್ಲಿಯೇ ನಾಯಕತ್ವದ ಮೊದಲ ಪಾಠವಿದೆ. ಇಡೀ ದಾರಿಯನ್ನು ಏಳು ಭಾಗ ಮಾಡಿದರು. ಮಹಾಡ್, ರತ್ನಾಗಿರಿ ಉತ್ತರ, ರತ್ನಾಗಿರಿ ದಕ್ಷಿಣ, ಕುಡಾಳ, ಪಣಜಿ, ಕಾರವಾರ, ಉಡುಪಿ. ಒಂದೊಂದೂ ಹೆಚ್ಚುಕಡಿಮೆ ನೂರು ಕಿಲೋಮೀಟರು. ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್, ಅವರ ಕೈಯಲ್ಲಿ ನಿಜವಾದ ಅಧಿಕಾರ. ಹೊಳೆಯ ದಡದಲ್ಲಿ ಎದ್ದ ಪ್ರಶ್ನೆಗೆ ಹೊಳೆಯ ದಡದಲ್ಲೇ ಉತ್ತರ ಸಿಗಬೇಕು ಎಂಬುದು ಇದರ ಉದ್ದೇಶ. ಫೈಲು ಮೇಲಕ್ಕೆ ಹೋಗಿ ಸಹಿಯಾಗಿ ಕೆಳಕ್ಕೆ ಬರುವುದರೊಳಗೆ ಕರಾವಳಿಯಲ್ಲಿ ಮಳೆಗಾಲ ಬಂದುಬಿಡುತ್ತದಲ್ಲ!

ಗುತ್ತಿಗೆದಾರರ ವಿಷಯದಲ್ಲೂ ಇದೇ ಯೋಚನೆ. ಬಿಲ್ಲು ಕೊಟ್ಟು ತಿಂಗಳುಗಟ್ಟಲೆ ಕಾಯುವ ಗುತ್ತಿಗೆದಾರ ಕೂಲಿಯವರಿಗೆ ಸಂಬಳ ಕೊಡಲಾರ, ಕೂಲಿಯವರು ಬಿಟ್ಟುಹೋದರೆ ಕೆಲಸ ನಿಲ್ಲುತ್ತದೆ. ಹಾಗಾಗಿ ಬಿಲ್ಲಿನ ಬಹುಪಾಲು ಹಣವನ್ನು ಕೂಡಲೇ ಕೊಟ್ಟು, ಉಳಿದದ್ದನ್ನು ಪರಿಶೀಲನೆ ಮುಗಿದ ಮೇಲೆ ಕೊಡುವ ಪದ್ಧತಿ ತಂದರು. ಗಟ್ಟಿ ಬಂಡೆಯ ಸುರಂಗಕ್ಕೆ ಸ್ವೀಡನ್ನಿನಿಂದ ಯಂತ್ರ ತರಿಸಿದರು. ಜಮೀನು ಕಳೆದುಕೊಳ್ಳುವ ಸುಮಾರು 42 ಸಾವಿರ ಮಂದಿಯ ಜೊತೆ ಮಾತಾಡಬೇಕಿತ್ತು. ಬರೀ ನೋಟೀಸು ಅಂಟಿಸಿ ಕೂರುವ ಬದಲು ಜನರ ಬಳಿಗೆ ಹೋಗಿ ವಿವರಿಸಿದರು. ಪಿತ್ರಾರ್ಜಿತ ಆಸ್ತಿಯನ್ನು ಅನೇಕರು ತಾವಾಗಿಯೇ ಬಿಟ್ಟುಕೊಟ್ಟರು.

ಈಗ ಗಡಿಯಾರದ ಮಾತಿಗೆ ಬರೋಣ. ನಿಗಮದ ಕಚೇರಿಗಳಲ್ಲಿ, ಕೆಲಸ ನಡೆಯುವ ಜಾಗಗಳಲ್ಲಿ ಒಂದು ವಿಚಿತ್ರ ಗಡಿಯಾರ ತೂಗುಹಾಕಿದ್ದರು. ಅದು ಗಂಟೆ ತೋರಿಸುತ್ತಿರಲಿಲ್ಲ, ಗುರಿಯ ತಾರೀಖಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ತೋರಿಸುತ್ತಿತ್ತು. ದಿನಕ್ಕೊಂದರಂತೆ ಅಂಕಿ ಇಳಿಯುತ್ತಿತ್ತು. ನಮ್ಮ ಸ್ಟುಡಿಯೋದ ಲೆಕ್ಕವೇ! ಅದರ ಮುಂದೆ ಸಚಿವರಿಗೂ ಮೇಸ್ತ್ರಿಗೂ ಒಂದೇ ಅಂಕಿ. ನಿಗಮ ನಡೆಯುತ್ತಿದ್ದುದು ಸಾಲದ ದುಡ್ಡಿನಲ್ಲಿ ಎಂಬುದನ್ನೂ ಮರೆಯಬೇಡಿ. ತಡವಾದ ಒಂದೊಂದು ದಿನಕ್ಕೂ ಬಡ್ಡಿ ಏರುತ್ತಿತ್ತು.

ಇಡೀ ಹಳಿ ಮುಗಿಯಲಿ, ಆಮೇಲೆ ಉದ್ಘಾಟನೆ ಎಂದೂ ಕಾಯಲಿಲ್ಲ. 1993ರ ಮಾರ್ಚಿನಲ್ಲೇ ಮಂಗಳೂರು-ಉಡುಪಿ ನಡುವೆ ರೈಲು ಓಡಿತು. ಅದೇ ವರ್ಷ ಆ ತುದಿಯಲ್ಲಿ ರೋಹಾದಿಂದ ವೀರ್‌ವರೆಗೂ ಓಡಿತು. ಸಿದ್ಧವಾದಷ್ಟು ತೆರೆದರೆ ಜನರಿಗೆ ನಂಬಿಕೆ ಬರುತ್ತದೆ, ದುಡಿಯುವವರಿಗೆ ಹುಮ್ಮಸ್ಸು ಬರುತ್ತದೆ.

ತಾರೀಖು ತಪ್ಪಿತು

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಹೊಗಳಿಕೆಯಾಗುತ್ತದೆ. ಹಾಗಾಗಿ ಮುಂದಿನದನ್ನೂ ಹೇಳುತ್ತೇನೆ. ಐದು ವರ್ಷದ ಗುರಿ ಈಡೇರಲಿಲ್ಲ. ಪೂರ್ತಿ ಹಳಿಯ ಮೇಲೆ ರೈಲು ಓಡಿದ್ದು 1998ರ ಜನವರಿ 26ರಂದು, ಅಂದರೆ ಏಳು ವರ್ಷಕ್ಕೂ ಹೆಚ್ಚು ಬೇಕಾಯಿತು.

ಎರಡು ಕಾರಣ ಮುಖ್ಯ. ಮೊದಲನೆಯದು ಗೋವಾ. ಹಳಿ ಕರಾವಳಿಗೆ ಹತ್ತಿರವಾಗಿ ಹೋಗಬೇಕೋ, ಒಳನಾಡಿನಲ್ಲಿ ಹೋಗಬೇಕೋ ಎಂದು ಅಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಉಪ್ಪುನೀರಿನ ಪಕ್ಕದ ಗದ್ದೆಗಳ ಗತಿಯೇನು, ಹಳೆಯ ಊರುಗಳ ಗತಿಯೇನು ಎಂದು ಜನ ಕೇಳಿದರು. 1993ರಲ್ಲಿ ಕೆಲಸ ನಿಂತಿತು, ನ್ಯಾಯಮೂರ್ತಿ ಓಝಾ ಆಯೋಗದ ವಿಚಾರಣೆ ನಡೆದ ಮೇಲೆ ಮತ್ತೆ ಶುರುವಾಯಿತು. ಸಂಸ್ಥೆಯ ಒಳಗೆ ಗುರಿ ಎಷ್ಟೇ ಸ್ಪಷ್ಟವಾಗಿರಲಿ, ಹೊರಗಿನವರಿಗೆ ಅದು ಒಪ್ಪಿಗೆಯಾಗದಿದ್ದರೆ ಗಡಿಯಾರ ಒಂದೇ ಓಡುತ್ತದೆ, ಕೆಲಸ ಓಡುವುದಿಲ್ಲ.

ಎರಡನೆಯದು ಮಣ್ಣು. ಗಟ್ಟಿ ಬಂಡೆಯನ್ನು ಯಂತ್ರ ಕೊರೆಯಿತು. ಆದರೆ ಒಂಬತ್ತು ಸುರಂಗಗಳಲ್ಲಿ ಸಿಕ್ಕಿದ್ದು ನೀರು ತುಂಬಿದ ಮೆತ್ತನೆಯ ಮಣ್ಣು. ಅಗೆದಷ್ಟೂ ಕುಸಿಯುತ್ತಿತ್ತು. ಅಲ್ಲಿ ಮನುಷ್ಯರೇ ಕೈಯಿಂದ ಅಗೆಯಬೇಕಾಯಿತು. ಈ ಸುರಂಗಗಳಲ್ಲೇ 19 ಜನ ಪ್ರಾಣ ಬಿಟ್ಟರು. ಇಡೀ ಹಳಿಯ ನಿರ್ಮಾಣದಲ್ಲಿ ತೀರಿಕೊಂಡವರು 74 ಮಂದಿ. ಅವರ ನೆನಪಿಗೆ ರತ್ನಾಗಿರಿಯಲ್ಲಿ ಸ್ಮಾರಕವಿದೆ. ಮುಂದಿನ ಬಾರಿ ರೈಲು ಕತ್ತಲೆಗೆ ನುಗ್ಗಿದಾಗ ಅವರನ್ನು ಒಂದು ಕ್ಷಣ ನೆನೆಯಿರಿ.

ತಾರೀಖು ತಪ್ಪಿದ್ದರಿಂದ ಗುರಿಯೇ ತಪ್ಪಾಗಿತ್ತೇ? ಇಲ್ಲ ಎಂದೇ ನನ್ನ ಭಾವನೆ. ತಾರೀಖು ಇದ್ದುದರಿಂದಲೇ ಎಷ್ಟು ತಡವಾಯಿತು, ಯಾಕೆ ತಡವಾಯಿತು ಎಂದು ನಾವು ಇಂದು ಲೆಕ್ಕ ಹಾಕಬಹುದು. ಆಪ್ಟಾದಿಂದ ರೋಹಾಕ್ಕೆ ಇಪ್ಪತ್ತು ವರ್ಷ ಆದಾಗ ಅದನ್ನು 'ತಡ' ಅನ್ನಲು ಯಾರ ಗೋಡೆಯ ಮೇಲೂ ಒಂದು ಅಂಕಿ ಇರಲಿಲ್ಲ.

ದೆಹಲಿಯ ನೆಲದ ಕೆಳಗೆ

ಗಡಿಯಾರ ಅಲ್ಲಿಂದ ದೆಹಲಿಗೆ ಹೋಯಿತು. 1997ರ ಕೊನೆಯಲ್ಲಿ ಶ್ರೀಧರನ್ ದೆಹಲಿ ಮೆಟ್ರೋ ನಿಗಮದ ವ್ಯವಸ್ಥಾಪಕ ನಿರ್ದೇಶಕರಾದರು. ಅದರ ಹಿಂದೆ ಅವರ ಮನಸ್ಸಿನಲ್ಲಿ ಕೊಲ್ಕತ್ತಾ ಮೆಟ್ರೋ ಇದ್ದಿರಲೇಬೇಕು, ಏಕೆಂದರೆ ಅದರ ಆರಂಭದ ಯೋಜನೆಯಲ್ಲಿ ಅವರೂ ದುಡಿದಿದ್ದರು. 1972ರಲ್ಲಿ ಶಂಕುಸ್ಥಾಪನೆಯಾದ ಆ ಮೆಟ್ರೋದ ಮೊದಲ ತುಣುಕು ತೆರೆದದ್ದು 1984ರಲ್ಲಿ, ಹದಿನಾರು ಚಿಲ್ಲರೆ ಕಿಲೋಮೀಟರಿನ ಆ ಮೊದಲ ದಾರಿ ಪೂರ್ತಿಯಾದದ್ದು 1995ರಲ್ಲಿ. ಎಂಜಿನಿಯರುಗಳು ನಮ್ಮವರೇ, ದೇಶವೂ ಇದೇ.

ದೆಹಲಿಯಲ್ಲಿ ಕೇಂದ್ರ ಮತ್ತು ದೆಹಲಿ ಸರ್ಕಾರ ಸರಿಸಮ ಪಾಲುದಾರರು. ಇಬ್ಬರು ಯಜಮಾನರಿರುವ ಮನೆಯಲ್ಲಿ ಕೆಲಸ ಎಷ್ಟು ಕಷ್ಟ ಎಂದು ಕೂಡು ಕುಟುಂಬದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಟೆಂಡರು, ನೇಮಕಾತಿ, ತಾಂತ್ರಿಕ ನಿರ್ಧಾರ ನಿಗಮದ ಕೈಯಲ್ಲೇ ಉಳಿಯಿತು. ಸಿಬ್ಬಂದಿ ಸಂಖ್ಯೆ ಚಿಕ್ಕದಾಗಿಟ್ಟರು. ಪ್ರತಿ ಸೋಮವಾರ ಬೆಳಿಗ್ಗೆ ವಿಭಾಗದ ಮುಖ್ಯಸ್ಥರೆಲ್ಲ ಒಟ್ಟಿಗೆ ಕೂರುವ ಸಭೆಯಲ್ಲಿ ತೊಡಕು ಹೇಳಬೇಕು, ಅಲ್ಲೇ ತೀರ್ಮಾನ. 1998ರ ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು. 2002ರ ಡಿಸೆಂಬರ್ 24ರಂದು ಶಹದರಾದಿಂದ ತೀಸ್ ಹಜಾರಿಗೆ ಎಂಟು ಕಿಲೋಮೀಟರಿನ ಮೊದಲ ತುಣುಕು ತೆರೆಯಿತು. 65 ಕಿಲೋಮೀಟರಿನ ಮೊದಲ ಹಂತ 2005ರ ಕೊನೆಯೊಳಗೆ, ಗಡುವಿಗಿಂತ ಎರಡು ವರ್ಷಕ್ಕೂ ಮುಂಚೆಯೇ ಮುಗಿಯಿತು.

ದೆಹಲಿಯ ಎರಡು ಪ್ರಸಂಗಗಳು ನನಗೆ ಈ ಅಂಕಿಗಳಿಗಿಂತ ಮುಖ್ಯವಾಗಿ ಕಾಣುತ್ತವೆ. ಹಳಿಯ ಅಗಲ ಎಷ್ಟಿರಬೇಕು ಎಂಬ ವಾದದಲ್ಲಿ ಶ್ರೀಧರನ್ ಸೋತರು. ಜಗತ್ತಿನ ಬೇರೆ ಮೆಟ್ರೋಗಳಲ್ಲಿರುವ ಸ್ಟ್ಯಾಂಡರ್ಡ್ ಗೇಜ್ ಬೇಕು ಎಂಬುದು ಅವರ ಅಭಿಪ್ರಾಯ, ಬ್ರಾಡ್‌ಗೇಜೇ ಇರಲಿ ಎಂದು ಮೇಲಿನಿಂದ ತೀರ್ಮಾನ ಬಂತು. ಅವರು ಕೋಪಿಸಿಕೊಂಡು ಕೆಲಸ ನಿಲ್ಲಿಸಲಿಲ್ಲ, ಬ್ರಾಡ್‌ಗೇಜಿನಲ್ಲೇ ಮೊದಲ ಹಂತ ಕಟ್ಟಿ ಮುಗಿಸಿದರು. ಸ್ಟ್ಯಾಂಡರ್ಡ್ ಗೇಜ್ ಮುಂದಿನ ದಾರಿಗಳಲ್ಲಿ ಬಂತು. ನಾಯಕನಾದವನು ಪ್ರತಿ ವಾದದಲ್ಲೂ ಗೆಲ್ಲಬೇಕೆಂದಿಲ್ಲ, ಸೋತ ವಾದಕ್ಕಾಗಿ ಗುರಿಯನ್ನು ಬಲಿಕೊಡದಿದ್ದರೆ ಸಾಕು.

ಎರಡನೆಯದು 2009ರ ಜುಲೈ 12. ದಕ್ಷಿಣ ದೆಹಲಿಯ ಜಮ್ರೂದ್‌ಪುರದಲ್ಲಿ ಕಟ್ಟುತ್ತಿದ್ದ ಮೇಲ್ಸೇತುವೆ ಕುಸಿದು ಆರು ಜನ ಸತ್ತರು. ಅದೇ ದಿನ ಶ್ರೀಧರನ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅದನ್ನು ಒಪ್ಪಲಿಲ್ಲ, ಅವರು ಉಳಿದರು. ತಪ್ಪು ಗುತ್ತಿಗೆದಾರನದು, ಕಿರಿಯ ಎಂಜಿನಿಯರನದು ಎಂದು ಮೊದಲ ದಿನವೇ ಬೆರಳು ತೋರಿಸುವುದು ಸುಲಭವಿತ್ತು. ಮೇಲಿರುವವರು ಹೊಣೆ ಹೊತ್ತರೆ ಕೆಳಗಿನವರಿಗೆ ನಿರ್ಧಾರ ತೆಗೆದುಕೊಳ್ಳುವ ಧೈರ್ಯ ಬರುತ್ತದೆ. ಹೊತ್ತುಕೊಳ್ಳದಿದ್ದರೆ ಪ್ರತಿಯೊಬ್ಬರೂ ತಮ್ಮ ರಕ್ಷಣೆಗೆ ಒಂದೊಂದು ಸಹಿ ಹುಡುಕುತ್ತಾ ಕೂರುತ್ತಾರೆ.

ಅವರು 2011ರ ಕೊನೆಗೆ ನಿವೃತ್ತರಾದರು. ನಿಗಮದೊಳಗೇ ಬಹುಕಾಲ ದುಡಿದಿದ್ದ ಮಂಗೂ ಸಿಂಗ್ ಆ ಜಾಗಕ್ಕೆ ಬಂದರು. ಮೆಟ್ರೋ ಬೆಳೆಯುತ್ತಲೇ ಹೋಯಿತು, 2020ರ ಡಿಸೆಂಬರಿನಲ್ಲಿ ಚಾಲಕನಿಲ್ಲದ ರೈಲನ್ನೂ ಓಡಿಸಿತು. ನಾಯಕ ಹೋದ ಮರುದಿನವೂ ಸೋಮವಾರದ ಸಭೆ ನಡೆಯುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ.

ಮಳೆಗಾಲದ ಗಡಿಯಾರ

ಮತ್ತೆ ಕೊಂಕಣಕ್ಕೆ ಬರುತ್ತೇನೆ. ಈ ಕಥೆಯ ಮುಖ್ಯ ಭಾಗ ನನ್ನ ಪ್ರಕಾರ ಅಲ್ಲೇ ಇದೆ. ಹಳಿ ಮುಗಿಯಿತು, ಹಿಂದಕ್ಕೆ ಎಣಿಸುವ ಗಡಿಯಾರ ಸೊನ್ನೆಗೆ ಬಂತು. ಮುಂದೇನು? ಆರಂಭದ ವರ್ಷಗಳಲ್ಲಿ ನಿಗಮ ಸಾಲದ ಬಡ್ಡಿಯ ಕೆಳಗೆ ನಷ್ಟದಲ್ಲೇ ನಡೆಯಿತು. ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವ ರೋ-ರೋ ಸೇವೆಯನ್ನು 1999ರಲ್ಲಿ ಶುರುಮಾಡಿದ್ದು ಆದಾಯಕ್ಕೆ ಹುಡುಕಿದ ಹೊಸ ದಾರಿ. ಆದರೆ ಹಣಕ್ಕಿಂತ ದೊಡ್ಡ ಪ್ರಶ್ನೆ ಗುಡ್ಡದ ಮೇಲಿಂದ ಉರುಳಿ ಬಂತು.

2003ರ ಜೂನ್ 22ರ ರಾತ್ರಿ, ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿ ಬಳಿ ಹಳಿಯ ಮೇಲೆ ಬಿದ್ದಿದ್ದ ಬಂಡೆಗಳಿಗೆ ಬಡಿಯಿತು. 50ಕ್ಕೂ ಹೆಚ್ಚು ಜನ ಸತ್ತರು. ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ಮಂಗಳೂರಿನಿಂದ ಬರುತ್ತಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿ ಬಳಿ ಸೇತುವೆಯಿಂದ ಕೆಳಗುರುಳಿತು. ಊರಿನ ರಜೆ ಮುಗಿಸಿ ಶಾಲೆ-ಕೆಲಸಕ್ಕೆ ವಾಪಸಾಗುವ ಜೂನ್ ತಿಂಗಳು ಅದು. ಆ ಎರಡು ಬೆಳಗ್ಗೆ ಮುಂಬೈಯ ಎಷ್ಟು ಕನ್ನಡ ಮನೆಗಳಲ್ಲಿ ಜನ ಫೋನಿನ ಮುಂದೆ ಕುಳಿತಿದ್ದರೋ!

ಕಟ್ಟಿ ಮುಗಿಸುವ ಸಂಸ್ಥೆಗೆ ಬೇಕಾದ ಗುರಿ ಬೇರೆ, ಕಾಪಾಡಿಕೊಂಡು ನಡೆಸುವ ಸಂಸ್ಥೆಗೆ ಬೇಕಾದ ಗುರಿ ಬೇರೆ. 'ಈ ತಾರೀಖಿನೊಳಗೆ' ಎಂಬ ಮಾತಿನ ಜಾಗಕ್ಕೆ 'ಈ ಮಳೆಗಾಲವೂ ಕ್ಷೇಮವಾಗಿ' ಎಂಬ ಮಾತು ಬರಬೇಕಾಯಿತು. ಮೊದಲನೆಯದು ಒಂದು ದಿನ ಮುಗಿಯುತ್ತದೆ, ಎರಡನೆಯದು ಪ್ರತಿ ಜೂನಿನಲ್ಲೂ ಹೊಸದಾಗಿ ಶುರುವಾಗುತ್ತದೆ. ಗುಡ್ಡದ ಇಳಿಜಾರುಗಳಿಗೆ ಬಲೆ ಹಾಕಿದರು, ಗೋಡೆ ಕಟ್ಟಿದರು, ಇಳಿಜಾರನ್ನು ತಗ್ಗಿಸಿದರು. ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಇದೆ, ಆಗ ರೈಲುಗಳು ನಿಧಾನ. ಜಡಿಮಳೆಯಲ್ಲಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರಿಗಿಂತ ವೇಗ ಹೋಗಬಾರದೆಂದು ಚಾಲಕರಿಗೆ ಸೂಚನೆಯಿದೆ. ನಿಲ್ದಾಣಗಳಲ್ಲಿ ಮಳೆಮಾಪಕ, ಕೆಲವು ಹೊಳೆಗಳ ಸೇತುವೆಯಲ್ಲಿ ನೀರು ಏರಿದರೆ ಎಚ್ಚರಿಸುವ ಉಪಕರಣ, ಪಾನ್ವಲ್, ಮಾಂಡವಿ, ಜುವಾರಿ, ಶರಾವತಿ ಸೇತುವೆಗಳ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ. ಇವೆಲ್ಲದರ ಜೊತೆಗೆ ರಾತ್ರಿ ಮಳೆಯಲ್ಲಿ ಲಾಟೀನು ಹಿಡಿದು ಹಳಿಯ ಮೇಲೆ ನಡೆಯುವ ಕಾವಲುಗಾರ.

ಆ ಕಾವಲುಗಾರನ ಬಗ್ಗೆ ಯೋಚಿಸಿ. ಅಪಾಯ ಕಂಡರೆ ರೈಲು ನಿಲ್ಲಿಸುವುದು ಅವನ ಕೆಲಸ. ಹೆದ್ದಾರಿಯಂಥ ಹಳಿಯ ಮೇಲೆ ಎಕ್ಸ್‌ಪ್ರೆಸ್ ರೈಲು ತಡವಾದರೆ ಯಾರು ಬೈಯುತ್ತಾರೋ ಎಂದು ಅವನು ಅಂಜಿದರೆ ಉಳಿದ ಯಂತ್ರಗಳೆಲ್ಲ ವ್ಯರ್ಥ. "ಅನುಮಾನ ಬಂದರೆ ನಿಲ್ಲಿಸು, ತಡವಾದದ್ದಕ್ಕೆ ನಾವಿದ್ದೇವೆ" ಎಂದು ಮೇಲಿನವರು ಹೇಳಿದ್ದು ಅವನ ಕಿವಿಗೆ ತಲುಪಿರಬೇಕು. ಸಂಸ್ಥೆಯ ದಿಕ್ಕು ಎಂದರೆ ಇದೇ. ಅದು ಬೇಲಾಪುರದ ಫಲಕದ ಮೇಲೆ ಬರೆದಿದ್ದರೆ ಸಾಲದು, ಆ ಲಾಟೀನಿನವರೆಗೆ ಬರಬೇಕು. ಕೆಲಸವಂತೂ ಇನ್ನೂ ಮುಗಿದಿಲ್ಲ. 2020ರ ಆಗಸ್ಟಿನಲ್ಲಿ ಪೆರ್ಣೆಂ ಸುರಂಗದ ಗೋಡೆ ಕುಸಿಯಿತು, 2024ರ ಜುಲೈಯಲ್ಲಿ ಅದೇ ಸುರಂಗಕ್ಕೆ ನೀರು ನುಗ್ಗಿತು. ಎರಡು ಸಲವೂ ರೈಲುಗಳನ್ನು ನಿಲ್ಲಿಸಿ, ಬೇರೆ ದಾರಿಯಲ್ಲಿ ಕಳಿಸಿದರು. ನಿಮಗೆ ಆಗ ಟಿಕೆಟ್ ರದ್ದಾಗಿ ಬೇಸರವಾಗಿರಬಹುದು. ನಿಲ್ಲಿಸಿದ್ದೇ ಸರಿ.

ನಮ್ಮ ಸಂಘ, ನಮ್ಮ ಅರ್ಧ ಗಂಟೆ

ಇಷ್ಟು ದೊಡ್ಡ ಕಥೆಯಿಂದ ಒಂದು ಭಾನುವಾರದ ತರಗತಿಗೆ ಏನು ಸಿಗುತ್ತದೆ? ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಈ ಕನ್ನಡ ಕಾರ್ಯಕ್ರಮದ ಹೊಣೆ ನನಗೆ ಬಂದ ಮೊದಲ ವರ್ಷ ಅರ್ಧ ಗಂಟೆಯಲ್ಲಿ ಸುದ್ದಿ, ಅಡುಗೆ, ಕ್ರಿಕೆಟ್, ಸಿನಿಮಾ, ಕವಿತೆ, ಪ್ರಶ್ನೋತ್ತರ ಎಲ್ಲವನ್ನೂ ತುರುಕಿದೆ. ಪ್ರತಿ ಸಣ್ಣ ವಿಷಯಕ್ಕೂ ಸಹೋದ್ಯೋಗಿಗಳು ನನ್ನನ್ನೇ ಕೇಳಬೇಕಿತ್ತು. ಪತ್ರಗಳು ಕಡಿಮೆಯಾದವು, ಸಹೋದ್ಯೋಗಿಗಳ ನಗುವೂ ಕಡಿಮೆಯಾಯಿತು. ಹಿರಿಯ ಉದ್ಘೋಷಕರೊಬ್ಬರು ಒಂದು ದಿನ ಕರೆದು "ಈ ಕಾರ್ಯಕ್ರಮ ಯಾರಿಗಾಗಿ? ಒಂದು ವಾಕ್ಯದಲ್ಲಿ ಹೇಳು" ಅಂದರು. ನನ್ನಿಂದ ಆಗಲಿಲ್ಲ. ಮನೆಯಲ್ಲಿ ಕನ್ನಡ ಕೇಳಿ ಬೆಳೆದು, ಹೊರಗೆ ಕನ್ನಡ ಸಿಗದವರಿಗಾಗಿ ಎಂಬ ವಾಕ್ಯ ಹುಡುಕಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಆಮೇಲೆ ಅರ್ಧದಷ್ಟು ವಿಭಾಗ ಬಿಟ್ಟೆವು. ಉಳಿದವನ್ನು ಒಬ್ಬೊಬ್ಬರಿಗೆ ಒಂದೊಂದು ಎಂದು ಹಂಚಿದೆವು, ಅದರ ಒಳಗೆ ಅವರ ಮಾತೇ ಕೊನೆಯದು. ಪತ್ರಗಳು ಮತ್ತೆ ಬರತೊಡಗಿದವು. ಈ ಪುಣೆಯ ಪತ್ರವೂ ಅವುಗಳಲ್ಲೊಂದು.

ಹಾಗಾಗಿ ಆ ಕೇಳುಗರಿಗೂ, ಇಂಥದೇ ಸಂಘಗಳಲ್ಲಿ ದುಡಿಯುತ್ತಿರುವ ನಿಮ್ಮೆಲ್ಲರಿಗೂ ನನ್ನ ಉತ್ತರ ಇದು. ಮುಂದಿನ ವಾರ್ಷಿಕ ಸಭೆಯಲ್ಲಿ ಯಾರು ಅಧ್ಯಕ್ಷರಾಗಬೇಕು ಎಂಬ ಚರ್ಚೆಗೆ ಮೊದಲು, ಮುಂದಿನ ಮೂರು ವರ್ಷ ಸಂಘ ಯಾವ ಒಂದು ಕೆಲಸವನ್ನು ಏನೇ ಆದರೂ ಬಿಡುವುದಿಲ್ಲ ಎಂದು ಕೇಳಿ. ಅದಕ್ಕಾಗಿ ಯಾವುದನ್ನು ಈಗ ಬಿಡುತ್ತೇವೆ ಎಂದೂ ಕೇಳಿ, ಉತ್ತರ ಬರೆದಿಡಿ. ಕನ್ನಡ ತರಗತಿಯೇ ಆ ಕೆಲಸವಾದರೆ, ಇಂಥ ತಾರೀಖಿಗೆ ಇಷ್ಟು ಮಕ್ಕಳು ಒಂದು ಪುಟ ತಡವರಿಸದೆ ಓದಬೇಕು ಎಂದು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ. ಪಾಠ ಹೇಳುವವರಿಗೆ ಪುಸ್ತಕ ಕೊಳ್ಳಲು, ಸಮಯ ಬದಲಿಸಲು ಕಮಿಟಿಯ ಸಹಿಗೆ ಕಾಯಿಸಬೇಡಿ. ಮಕ್ಕಳು ಯಾಕೆ ಬರುತ್ತಿಲ್ಲ ಎಂದು ತಂದೆತಾಯಿಯರ ಮನೆಗೇ ಹೋಗಿ ಕೇಳಿ, ಗೋವಾದಲ್ಲಿ ಆದದ್ದು ನೆನಪಿರಲಿ. ಏನಾದರೂ ಎಡವಟ್ಟಾದರೆ ಅಧ್ಯಕ್ಷರು ಮೊದಲು ಎದ್ದುನಿಂತು "ಹೊಣೆ ನನ್ನದು" ಅನ್ನಲಿ. ಕಮಿಟಿ ಬದಲಾದಾಗ ಹೊಸಬರು ಹಳೆಯ ಗೋಡೆಯ ಅಂಕಿಯನ್ನು ಅಳಿಸದೆ, ಅಲ್ಲಿಂದಲೇ ಎಣಿಸಲಿ.

ತಾರೀಖು ತಪ್ಪಬಹುದು. ಮೂವತ್ತು ಮಕ್ಕಳ ಜಾಗದಲ್ಲಿ ಹನ್ನೆರಡೇ ಮಕ್ಕಳು ಬರಬಹುದು. ಪರವಾಗಿಲ್ಲ, ಎಷ್ಟು ತಪ್ಪಿತು ಎಂದು ಗೊತ್ತಾಗುತ್ತದಲ್ಲ, ಅಲ್ಲಿಂದ ಮುಂದುವರಿಸಬಹುದು. ಈಗಿರುವ ಐದು ಮಕ್ಕಳು ಈ ಭಾನುವಾರವೂ ಬರುತ್ತಾರೆ. ಅವರಿಗಾಗಿ ಬಾಗಿಲು ತೆರೆದಿರಲಿ.

ನಿಮ್ಮ ಊರಿನ ಸಂಘದಲ್ಲಿ, ಕಚೇರಿಯಲ್ಲಿ, ಅಪಾರ್ಟ್‌ಮೆಂಟಿನ ಸೊಸೈಟಿಯಲ್ಲಿ ನೀವು ಕಂಡ ಒಳ್ಳೆಯ ನಾಯಕರ ಬಗ್ಗೆ ನಮಗೆ ಬರೆಯಿರಿ, ಆಯ್ದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇವೆ. ಎದುರಿನ ಗಡಿಯಾರ ಮೂವತ್ತು ಸೆಕೆಂಡು ಉಳಿದಿದೆ ಅನ್ನುತ್ತಿದೆ. ಮತ್ತೆ ಸಿಗೋಣ, ಅಲ್ಲಿಯವರೆಗೆ ಕೇಳುತ್ತಿರಿ. ನಮಸ್ಕಾರ.